ತೋಂಟಯ್ಯ ಬಿಚ್ಚದ ಲಕೋಟೆ

ಹೊಳೆದಂಡೆಯ ಮಠದಲ್ಲಿ ತೋಂಟಯ್ಯ ಅಂತ ಒಬ್ಬ ಶಿಷ್ಯ ಇದ್ದ. ಕೂತರೆ ಕಲ್ಲು.

ಸೋಮವಾರದ ಪೂಜೆಗೆ ಪದ್ಮಾಸನ ಹಾಕಿದನೆಂದರೆ ಸೂರ್ಯ ನೆತ್ತಿಗೆ ಬರುವವರೆಗೆ ಮಿಸುಕುತ್ತಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಸೈ. ದೇವರನ್ನು ಬಿಟ್ಟು ಅವನನ್ನೇ ನೋಡಲು ಬರುವವರಿದ್ದರು. ಮುಂದೆ ಮಠದ ಪಟ್ಟ ಇವನಿಗೇ ಅಂತ ಊರು ಆಗಲೇ ತೀರ್ಮಾನ ಮಾಡಿತ್ತು.

ಅಂಥವನು ಒಂದು ದಿನ ಪೇಟೆಯಿಂದ ಬಂದವನೇ ಕಂಕುಳಲ್ಲಿದ್ದ ದೊಡ್ಡ ಲಕೋಟೆಯನ್ನು ಹಾಸಿಗೆ ಸುರುಳಿಯೊಳಗೆ ತುರುಕಿದ. ಮೂರು ವಾರ ಅದನ್ನು ಬಿಚ್ಚಲಿಲ್ಲ. ಹಾಸಿಗೆಯನ್ನೂ ಬಿಚ್ಚಲಿಲ್ಲ, ಬರಿ ನೆಲದ ಮೇಲೆ ಮಲಗಿದ.

ಊರಿಗೆ ಇಷ್ಟು ಸಾಲದೇ? ಹೆಂಗಸಿನ ಕಾಗದ ಅಂದರು. ಅಷ್ಟುದ್ದ ಬರೆಯುವವಳು ಯಾರು ಅಂತ ಮೂರು ಹೆಸರೂ ಹುಟ್ಟಿದವು. ಅದರಲ್ಲಿ ಒಬ್ಬಳು ಗಂಡ ಇರುವವಳು. ಬೆಂಕಿ ನಾನು ಹಚ್ಚಿದ್ದಲ್ಲ, ಊದಿದ್ದು ಉಂಟು.

ಮಠದ ಹಿರಿಯರನ್ನು ಎಲ್ಲರೂ ಬುದ್ಧಿ ಅಂತಲೇ ಕರೆಯುವುದು. ಎಂಬತ್ತು ದಾಟಿದ ಜೀವ. ಮಾತು ಅವರ ಕಿವಿಗೂ ಬಿತ್ತು. ಭಾನುವಾರ ಮಧ್ಯಾಹ್ನ ಹೊಳೆಯ ಮೆಟ್ಟಿಲ ಮೇಲೆ ಕೂತು ತೋಂಟಯ್ಯನನ್ನು ಕರೆಸಿದರು.

"ಮರಿ, ಲಕೋಟೆ ತಗೊಂಡು ಬಾ."

ತಂದ.

"ಯಾರ ಕಾಗದ?"

"ಕಾಗದ ಅಲ್ಲ ಬುದ್ಧೀ. ನನ್ನ ಕಿಡ್ನಿ ಫೋಟೋ."

ಕೆಳಗಿನ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ನಮ್ಮ ಕೈಗಳು ಅಲ್ಲಲ್ಲೇ ನಿಂತವು.

"ಬಿಚ್ಚಿ ನೋಡಿದೆಯಾ?"

"ಇಲ್ಲ."

"ಯಾಕೆ?"

"ಹೆದರಿಕೆ, ಬುದ್ಧೀ."

ಆಮೇಲೆ ಕಟ್ಟೆ ಒಡೆದ ಹಾಗೆ ಹೇಳಿದ. ಕಾಲು ಊದಿಕೊಂಡಿತ್ತಂತೆ. ಬೆಳಿಗ್ಗೆ ಎದ್ದರೆ ಮುಖ ದಪ್ಪ, ಮೂತ್ರದಲ್ಲಿ ನೊರೆ. ಪೇಟೆಯ ಡಾಕ್ಟರು ಸ್ಕ್ಯಾನಿಂಗಿಗೆ ಕಳಿಸಿದರಂತೆ.

"ಒಬ್ಬ ಹುಡುಗಿ ಹೊಟ್ಟೆಗೆ ತಣ್ಣಗೆ ಏನೋ ಹಚ್ಚಿ, ಸೋಪಿನ ಬಿಲ್ಲೆಯಂಥದ್ದನ್ನ ಆಡಿಸ್ತಾ ಇದ್ದಳು. ಯಾವೂರು, ಎಷ್ಟು ಮಕ್ಕಳು ಅಂತ ನಗ್ತಾ ಕೇಳಿದಳು. ಸನ್ಯಾಸಿ ಕಣಮ್ಮ ಅಂದೆ, ಇನ್ನೂ ನಕ್ಕಳು. ಬಲಗಡೆಗೆ ಬಂದಳು ನೋಡಿ, ಸುಮ್ಮನಾದಳು. ಒತ್ತಿ ಒತ್ತಿ ನೋಡಿದಳು. ಎದ್ದು ಹೋಗಿ ಇನ್ನೊಬ್ಬರನ್ನ ಕರ್ಕೊಂಡು ಬಂದಳು. ಅವರೂ ಮಾತಾಡಲಿಲ್ಲ."

"ಆಮೇಲೆ?"

"ಬಂಡಿಚಕ್ರದಂಥ ಮಿಷನ್ನಿನ ತೂತೊಳಗೆ ಮಲಗಿಸಿ ತಳ್ಳಿದರು. ಉಸಿರು ಹಿಡಿ ಅಂದರು. ಫೋಟೋ ಕೈಗೆ ಕೊಟ್ಟು, ಈಗಲೇ ಮಹಡಿ ಮೇಲೆ ಹೋಗಿ ಡಾಕ್ಟರಿಗೆ ತೋರಿಸು ಅಂದರು. ನಾನು ಮಹಡಿ ಹತ್ತಲಿಲ್ಲ ಬುದ್ಧೀ. ಬಸ್ಸು ಹತ್ತಿದೆ."

ಬುದ್ಧಿಯವರು ನಗಲಿಲ್ಲ.

"ನೋಡದಿದ್ದರೆ ಅದು ಇಲ್ಲವಾಗುತ್ತಾ, ಮರಿ?"

"ನೋಡದಿದ್ದರೆ ಇವತ್ತಿಗೆ ನಿದ್ದೆಯಾದರೂ ಬರುತ್ತೆ ಅಂತ."

"ಬಂತಾ?"

ತೋಂಟಯ್ಯ ಲಕೋಟೆಯನ್ನು ಅವರ ಕೈಗೆ ಕೊಟ್ಟ.

ಬುದ್ಧಿಯವರು ಲಕೋಟೆ ಹರಿದು, ಕಪ್ಪು ಹಾಳೆಯನ್ನು ಬಿಸಿಲಿಗೆ ಹಿಡಿದರು. ತೋಂಟಯ್ಯ ಮುಖ ತಿರುಗಿಸಿಕೊಂಡ.

"ಏನು ಕಾಣುತ್ತೆ ಬುದ್ಧೀ?"

"ಹತ್ತಾರು ಚೌಕ. ಅವರೆಕಾಳಿನ ಥರ ಎರಡು. ಒಂದು ತುಂಬಿಕೊಂಡಿದೆ. ಇನ್ನೊಂದು ಸುಕ್ಕುಗಟ್ಟಿದೆ."

ತೋಂಟಯ್ಯ ಮೆಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇದನ್ನ ಓದೋದು ನನಗೆ ಬರಲ್ಲ, ಅದು ಡಾಕ್ಟರ ಕೆಲಸ. ಯಾಕೆ ಸುಕ್ಕಾಯ್ತು ಅನ್ನೋದು ಮಾತ್ರ ಫೋಟೋದಲ್ಲಿಲ್ಲ. ಅದನ್ನ ನೀನು ಹೇಳು."

ತೋಂಟಯ್ಯ ಸೊಂಟಕ್ಕೆ ಸಿಕ್ಕಿಸಿದ್ದ ಗುಳಿಗೆ ಪಟ್ಟಿಯೊಂದನ್ನು ತೆಗೆದು ಕಲ್ಲಿನ ಮೇಲಿಟ್ಟ.

"ಮಂಡಿ ನೋವಿಗೆ. ಏಳು ವರ್ಷ ಆಯ್ತು. ದಿನಾ ನಾಲ್ಕು, ಸೋಮವಾರ ಆರು. ಇದನ್ನ ನುಂಗದೆ ಒಂದು ಗಳಿಗೆಯೂ ಕೂರೋಕೆ ಆಗಲ್ಲ. ಡಾಕ್ಟರು ಮೊದಲ ದಿನವೇ ಕೇಳಿದರು, ನೋವಿನ ಗುಳಿಗೆ ತಗೋತೀಯಾ, ಅದು ಕಿಡ್ನಿ ತಿನ್ನುತ್ತೆ ಅಂತ. ಇಲ್ಲ ಅಂದೆ."

ಅಂದರೆ ಕಲ್ಲು ಕೂತಿದ್ದು ತಪಸ್ಸಿನಿಂದಲ್ಲ, ಮೆಡಿಕಲ್ ಸ್ಟೋರಿನಿಂದ! ಪಕ್ಕದವಳು ನನ್ನ ತೊಡೆ ಚಿವುಟಿದಳು.

"ಸಾಯೋದಕ್ಕೆ ಹೆದರಿಕೆಯಾ?" ಅಂದರು ಬುದ್ಧಿಯವರು.

"ಹೂಂ, ಬುದ್ಧೀ."

"ಊರಿಗೆ ಗೊತ್ತಾಗೋದಕ್ಕೆ?"

"ಅದಕ್ಕೆ ಇನ್ನೂ ಹೆಚ್ಚು."

ಬುದ್ಧಿಯವರು ಫೋಟೋವನ್ನು ಲಕೋಟೆಗೆ ಹಾಕಿ, ಗುಳಿಗೆಯನ್ನು ತಮ್ಮ ಶಲ್ಯದ ತುದಿಗೆ ಕಟ್ಟಿಕೊಂಡರು.

"ನಾಳೆ ಸೋಮವಾರ. ಇದಿಲ್ಲದೆ ಬಂದು ಕೂರು."

ದೀಪ ಹಚ್ಚುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಹೇಗೆ ಅಂತ ಕೇಳಬೇಡಿ.

ಸೋಮವಾರ ಮಠದಲ್ಲಿ ಕಾಲಿಡಲು ಜಾಗವಿಲ್ಲ. ಹೆಣ್ಣು ಕೊಟ್ಟ ಊರುಗಳಿಂದಲೂ ಬಂದಿದ್ದರು. ಕಲ್ಲು ಸೀಳುವುದನ್ನು ಯಾರು ತಪ್ಪಿಸಿಕೊಳ್ಳುತ್ತಾರೆ?

ತೋಂಟಯ್ಯ ಕೂತ. ಮಂಗಳಾರತಿಗೆ ಮೊದಲೇ ಹಣೆಯಿಂದ ಬೆವರು ಇಳಿಯಿತು. ತೊಡೆ ಅದುರತೊಡಗಿತು. ತುಟಿ ಕಚ್ಚಿದ್ದರಿಂದ ರಕ್ತ ಬಂತು. ಅವನು ಏಳಲಾರ, ಕೂರಲಾರ. ಮುನ್ನೂರು ಕಣ್ಣು ಅವನ ಮಂಡಿಯ ಮೇಲೆ.

ಆಗ ಬುದ್ಧಿಯವರು "ಅಯ್ಯಪ್ಪಾ" ಅಂದರು. ಅಂದು, ದೇವರ ಮುಂದೆಯೇ ತಮ್ಮ ಎರಡೂ ಕಾಲು ಚಾಚಿದರು.

ಯಾರದೋ ಕೈಯಿಂದ ಗಂಟೆ ಬಿತ್ತು.

"ನನಗೂ ಮಂಡಿ ನೋವು," ಅಂದರು. "ಇಷ್ಟು ವರ್ಷ ಪೂಜೆಯಲ್ಲಿ ನಾನು ಎಷ್ಟು ಸಲ ಕಾಲು ಚಾಚಿದ್ದೀನಿ, ಯಾರಾದರೂ ಕಂಡಿದ್ದೀರಾ?"

ಯಾರೂ ಕಂಡಿರಲಿಲ್ಲ. ನಮ್ಮ ಕಣ್ಣು ಎಲ್ಲಿತ್ತು ಅಂತ ನಮಗೇ ಗೊತ್ತು.

ತೋಂಟಯ್ಯ ಒಂದೊಂದೇ ಕಾಲನ್ನು ಕೈಯಲ್ಲಿ ಎತ್ತಿ ಬಿಡಿಸಿದ. "ಅಮ್ಮಾ" ಅಂತ ಕೂಗಿದ. ನಾಲಿಗೆ ತುದಿಯಲ್ಲಿ ಇಟ್ಟುಕೊಂಡು ಬಂದಿದ್ದ ಮಾತು ನನಗೆ ಅಲ್ಲೇ ಒಣಗಿತು. ಯಾರೂ ನಗಲಿಲ್ಲ.

ಹನ್ನೊಂದರ ಬಸ್ಸಿಗೆ ಬುದ್ಧಿಯವರೇ ಅವನ ಜೊತೆ ನಡೆದು ಬಂದರು. ಲಕೋಟೆಯನ್ನೂ ಗುಳಿಗೆ ಪಟ್ಟಿಯನ್ನೂ ಅವನ ಕೈಗಿಟ್ಟರು.

"ಎರಡನ್ನೂ ಡಾಕ್ಟರ ಮುಂದೆ ಇಡು."

ಬಸ್ಸಿನ ಧೂಳು ಕಾಣಿಸಿತು.

"ಬುದ್ಧೀ, ಇನ್ನೊಂದೂ ಹೋಗಿದೆ ಅಂದುಬಿಟ್ಟರೆ?"

ಬುದ್ಧಿಯವರು ಅವನ ಊದಿದ ಪಾದ ನೋಡಿದರು.

"ಕಲ್ಲಿನ ಹಾಗೆ ಕೂತು ಕೇಳಬೇಡ, ಮರಿ. ಕಾಲು ಚಾಚಿಕೊಂಡು ಕೇಳು."