ಇಸ್ತ್ರಿ ಹಾಕಿಸಿಕೊಂಡ ಡಾಲರ್

ಹಳೆಯ ಅಮೆರಿಕನ್ ನೋಟುಗಳನ್ನು ಕೂಡಿಡುವ ವಕೀಲರೊಬ್ಬರ ಆಲ್ಬಮ್ಮಿನಲ್ಲಿ ಒಂದೇ ವಯಸ್ಸಿನ ಎರಡು ನೋಟುಗಳು ಅಕ್ಕಪಕ್ಕದಲ್ಲಿದ್ದವು. ಒಂದು ಯಾರ ಕೈಗೂ ಹೋಗದೆ ಗರಿಗರಿಯಾಗಿ ಉಳಿದದ್ದು. ಇನ್ನೊಂದು ನೂರಾರು ಜೇಬು ಕಂಡು ಮೈತುಂಬ ಮಡಿಕೆ ಬಿದ್ದದ್ದು. ಗರಿಗರಿ ನೋಟು ತನ್ನನ್ನೇ ದಿಟ್ಟಿಸುವುದನ್ನು ಮಡಿಕೆಯ ನೋಟು ತಿರಸ್ಕಾರವೆಂದೇ ತಿಳಿದಿತ್ತು. ಬೆಲೆ ಕಟ್ಟುವವರು ಬರುವ ಹಿಂದಿನ ದಿನ ಅದು ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಬೇಡಿಕೊಂಡಿತು.

"ಅಣ್ಣಾ, ನನ್ನ ಸುಕ್ಕುಗಳನ್ನು ಅಳಿಸಿಬಿಡು. ನಾಳೆ ಇವನ ಪಕ್ಕದಲ್ಲಿ ನಾನು ತಲೆ ತಗ್ಗಿಸಬಾರದು."

"ಅಳಿಸುವುದಷ್ಟೇ ನನಗೆ ಗೊತ್ತು, ತಮ್ಮಾ. ಅಳಿಸಿದ್ದನ್ನು ಮತ್ತೆ ತಂದುಕೊಡಲಾರೆ."

"ಯಾರಿಗೆ ಬೇಕು ಅದು?" ಎಂದಿತು ನೋಟು, ಮತ್ತು ಬಿಸಿಗೆ ಮೈಯೊಡ್ಡಿತು.

ಮರುದಿನ ಬೆಲೆ ಕಟ್ಟುವ ಮುದುಕ ಭೂತಗನ್ನಡಿ ಹಿಡಿದು ನೋಡಿದ. "ವಕೀಲರೇ, ಇದಕ್ಕೆ ಇಸ್ತ್ರಿ ಬಿದ್ದಿದೆ. ಅಚ್ಚಿನ ಉಬ್ಬೆಲ್ಲ ಚಪ್ಪಟೆಯಾಗಿದೆ. ಮಡಿಕೆಯಿದ್ದರೂ ಕೊಳ್ಳುವವರು ಇರುತ್ತಿದ್ದರು. ಇನ್ನು ಇದನ್ನು ಯಾರೂ ಮುಟ್ಟುವುದಿಲ್ಲ."

ಆಲ್ಬಮ್ ಮುಚ್ಚಿದ ಮೇಲೆ ಗರಿಗರಿ ನೋಟು ಮೊದಲ ಸಲ ಬಾಯಿಬಿಟ್ಟಿತು. "ನನ್ನನ್ನು ಕೊಟ್ಟು ಯಾರೂ ಒಂದು ರೊಟ್ಟಿಯನ್ನೂ ಕೊಂಡವರಿಲ್ಲ. ಇಷ್ಟು ವರ್ಷ ನಿನ್ನ ಮಡಿಕೆಗಳನ್ನು ನೋಡಿ ಹೊಟ್ಟೆ ಉರಿದುಕೊಂಡೆ. ಯಾರ್ಯಾರ ಕೈಯಲ್ಲಿದ್ದೆ, ಏನೇನು ಕೊಂಡೆ, ಒಂದಿಷ್ಟು ಹೇಳು."

ಇಸ್ತ್ರಿಯಾದ ನೋಟು ನೆನಪಿಸಿಕೊಳ್ಳಲು ನೋಡಿತು. ಒಂದು ಮುಖವೂ ಹೊಳೆಯಲಿಲ್ಲ. ಎಲ್ಲವೂ ಆ ಮಡಿಕೆಗಳಲ್ಲೇ ಇತ್ತು.