ಎರಡು ಪೆಟ್ಟಿಗೆ ಏಳುವ ಗಿಣಿ

ಕೇಳುವವರು ಹತ್ತಿರ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ. ಕುಪ್ಪಸದ ಖಣ ನೇಯುವ ಒಂದು ಊರು. ಆ ಊರಲ್ಲಿ ನೀಲವ್ವ ಅಂತ ಒಬ್ಬ ತಾಯಿ, ಅವಳಿಗೊಬ್ಬನೇ ಮಗ ಬನಪ್ಪ. ವಯಸ್ಸು ಮೂವತ್ತು ದಾಟಿತ್ತು, ಬುದ್ಧಿ ಮಾತ್ರ ಹೊಸ್ತಿಲು ದಾಟಿರಲಿಲ್ಲ. ಹೇಳಿದ್ದು ಮಾಡುತ್ತಿದ್ದ. ಹೇಳಿದ್ದಷ್ಟೇ ಮಾಡುತ್ತಿದ್ದ. ತಾಯಿಯ ಗೋಳು ಅದೇ.

ಒಮ್ಮೆ ನೀಲವ್ವ ತಂಗಿಯ ಮನೆಗೆ ಹೊರಟಳು.

“ನಾ ಬರೂತನಕ ಮಗ್ಗದ ಕುಣಿ ಬಿಟ್ಟು ಏಳಬ್ಯಾಡ ನೋಡು!”

ದಾರಿಯಲ್ಲಿ ಬಸ್ಸು ಕೆಟ್ಟಿತು, ಮರುದಿನ ಬಂದಳು. ಬನಪ್ಪ ಕಾಲು ಇಳಿಬಿಟ್ಟು ನೇಯುವ ಆ ಕುಣಿಯಲ್ಲೇ ಕೂತಿದ್ದಾನೆ. ಊಟ ಇಲ್ಲ, ನೀರು ಇಲ್ಲ, ಮೊಣಕಾಲು ಊದಿ ಕುಂಬಳಕಾಯಿ!

“ಎಬಡ! ಹಸಿವಾದ್ರ ಎದ್ದು ಹೋಗಿ ಉಣಬೇಕೋ!”

“ಆತಬೇ.”

ಮರುದಿನ ಓಣಿಯಲ್ಲಿ ಹಾಸು ಹೂಡಿದ್ದರು. ಓಣಿಯುದ್ದಕ್ಕೂ ಎಳೆದು ಹಿಡಿದ ಮಗ್ಗದ ನೂಲು. ಆ ತುದಿಗೆ ನಾಲ್ಕು ಜನ, ಈ ತುದಿಗೆ ಬನಪ್ಪ. ಅವನಿಗೆ ಹಸಿವಾಯಿತು. ತುದಿ ಬಿಟ್ಟು ಎದ್ದ, ಹೋಗಿ ಉಂಡ! ನೂಲೆಲ್ಲಾ ಮಣ್ಣುಪಾಲು.

“ಅಯ್ಯೋ ನನ್ನ ದೈವವೇ! ಒಮ್ಮೆ ಹಿಡಿದದ್ದನ್ನ ಮುಗಿಯೂತನಕ ಬಿಡಬಾರದೋ!”

“ಆತಬೇ.”

ಈ ಮಾತನ್ನು ಅವನು ಸೆರಗಿಗೆ ಕಟ್ಟಿದ ಗಂಟಿನಂತೆ ಇಟ್ಟುಕೊಂಡ. ನೀವೂ ಇಟ್ಟುಕೊಂಡಿರಿ.

ನೀಲವ್ವನ ಕೆಲಸ ನೇಕಾರರ ಸಂಘದಲ್ಲಿ, ಖಣದ ನಕ್ಷೆ ತೆಗೆಯುವುದು. ಅಲ್ಲೊಂದು ಹಳೆಯ ಕಂಪ್ಯೂಟರ್. ಪರದೆಯ ಮೇಲೆ ಮೂರು ಕಿಟಕಿ ತೆರೆದುಕೊಳ್ಳುತ್ತಿದ್ದವು. ಒಂದರಲ್ಲಿ ಚೌಕುಳಿ, ಒಂದರಲ್ಲಿ ಬಣ್ಣ, ಒಂದರಲ್ಲಿ ನೇಯ್ದ ಮೇಲೆ ಕಾಣುವ ರೂಪ. ಆ ಕಿಟಕಿಗಳನ್ನು ಕಟ್ಟಿಕೊಟ್ಟವರು ಪಾಲಿಟೆಕ್ನಿಕ್ಕಿನ ಒಬ್ಬ ಮೇಷ್ಟ್ರು. ಚಿಕ್ಕ ಬನಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೀಲಿ ಒತ್ತುವುದನ್ನೂ ಅವರೇ ಕಲಿಸಿದ್ದರು. ಈಗ ಅವರಿಲ್ಲ. ಅವರು ಬರೆದದ್ದೆಲ್ಲ ಅಚ್ಚಾಗಿ, ಒಂದು ದಪ್ಪ ಕಾಗದದ ಕಟ್ಟಾಗಿ ಕಪಾಟಿನಲ್ಲಿತ್ತು.

ಆ ಕಂಪ್ಯೂಟರಿಗೆ ಎರಡು ಊನ. ಕೆಂಪು ಒತ್ತಿದರೆ ಹಸಿರು ಬರುತ್ತಿತ್ತು, ಹಸಿರು ಒತ್ತಿದರೆ ಕೆಂಪು. ಇನ್ನೊಂದು, ಅರ್ಧ ತಾಸಿಗೊಮ್ಮೆ ಸೆಟೆದು ನಿಲ್ಲುತ್ತಿತ್ತು. ಪಕ್ಕೆಗೆ ಎರಡು ಪೆಟ್ಟು ಹಾಕಿದರೆ ಏಳುತ್ತಿತ್ತು. ನೀಲವ್ವ ಇಪ್ಪತ್ತೈದು ವರ್ಷ ಹಾಗೇ ಸಂಸಾರ ಮಾಡಿ ಮುನ್ನೂರು ನಕ್ಷೆ ತೆಗೆದಿದ್ದಳು. ಈಚೆಗೆ ಅವಳ ಕಣ್ಣು ಮಂಜಾಗಿತ್ತು. ಬಣ್ಣ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಆದರೂ ಯಾವ ಮೂಲೆಯಲ್ಲಿ ಏನಿದೆ ಅಂತ ಕೈಗೆ ಗೊತ್ತಿತ್ತು.

ಒಂದು ದಿನ ಸಂಘದ ಕಾರ್ಯದರ್ಶಿ ಮುರಿಗೆಪ್ಪ ಹೊಸ ಯಂತ್ರ ತಂದಿಟ್ಟ.

“ನೀಲಕ್ಕ, ಹಳೇದು ಇವತ್ತೋ ನಾಳೆನೋ ಕಣ್ಣು ಮುಚ್ಚತೈತಿ. ಇದರಾಗ ಬ್ಯಾರೆ ವ್ಯವಸ್ಥಾ ಐತಿ, ಹಳೇ ಕಿಟಕಿ ಇದರಾಗ ನಿಲ್ಲಂಗಿಲ್ಲಂತ. ಹೊಸಾದು ಕಲೀರಿ.”

“ಈ ಕಣ್ಣಾಗ ಏನ್ ಕಲೀಲೋ ಮುರಿಗೆಪ್ಪ?”

ಮುರಿಗೆಪ್ಪ ನೆಲ ನೋಡಿದ. “ಯುಗಾದಿಗೆ ಎಂಜಿನಿಯರ್ ಬರ್ತಾರ. ಅಷ್ಟರಾಗ ಆಗಲಿಲ್ಲಂದ್ರ ನಕ್ಷೆ ಕೋಣೆ ಮುಚ್ಚಿ ಹೊರಗಿಂದ ತರಸ್ತೀವಿ. ನನ್ನ ಕೈಯಾಗ ಏನೂ ಇಲ್ಲಕ್ಕ.”

ನೀಲವ್ವ ಹಳೆಯ ಯಂತ್ರದ ಮೇಲೆ ಕೈಯಿಟ್ಟಳು. ಕೆಲಸ ಹೋದರೆ ಹೋಗಲಿ, ಮುನ್ನೂರು ನಕ್ಷೆ? ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿ, ಹೊಟ್ಟೆಯ ಉರಿಗೆ ಒಂದು ಮಾತು ಅಂದುಬಿಟ್ಟಳು.

“ನೀನರ ಮಾಡೋ! ಹಳೇದರಾಗ ಇದ್ದದ್ದೆಲ್ಲಾ ಹೊಸದರಾಗ ಹಾಕೋ!”

ಬನಪ್ಪ ಹಿಡಿದ. ಹಿಡಿದದ್ದನ್ನು ಬಿಡುವ ಹಾಗಿಲ್ಲವಲ್ಲ!

ಸಂಜೆ ನೋಡಿದರೆ ಎರಡೂ ಯಂತ್ರ ಬಿಚ್ಚಿ ಹರವಿದ್ದಾನೆ. ಹಳೆಯದರ ಹೊಟ್ಟೆಯಲ್ಲಿ ಬೊಗಸೆ ತುಂಬ ನೂಲಿನ ಧೂಳು, ಎರಡು ಹಲ್ಲಿ ಮೊಟ್ಟೆ, ಒಂದು ಸತ್ತ ಜಿರಲೆ. ಎಲ್ಲವನ್ನೂ ಜೋಪಾನವಾಗಿ ಹೊಸದರಲ್ಲಿ ಜೋಡಿಸುತ್ತಿದ್ದಾನೆ!

“ಮೂಳಾ! ಒಳಗಿನ ಕಸಾ ಯಾರು ಕೇಳಿದ್ರೋ! ಪರದೆ ಮ್ಯಾಲ ಏನು ಕಾಣತೈತೋ ಅದನ್ನ ತಾರೋ!”

“ಆತಬೇ.”

ಮರುದಿನ ಎರಡೂ ಯಂತ್ರ ಮತ್ತೆ ಜೋಡಿಸಿ, ಹಳೆಯ ಪರದೆಗೆ ತೆಳು ಕಾಗದ ಹಿಡಿದು, ಮೂರೂ ಕಿಟಕಿಗಳನ್ನು ಪೆನ್ಸಿಲ್ಲಿನಲ್ಲಿ ತಿದ್ದಿ, ಬಣ್ಣ ತುಂಬಿ, ಹೊಸ ಪರದೆಗೆ ಗೋಂದು ಹಚ್ಚಿ ಅಂಟಿಸಿದ. ಚಂದ ಕಾಣುತ್ತಿತ್ತು! ನೀಲವ್ವ ಒತ್ತಿದಳು, ಮತ್ತೆ ಒತ್ತಿದಳು. ಕಿಟಕಿ ಅಲ್ಲಾಡಲಿಲ್ಲ.

“ಕಾಣತೈತಲ್ಲಬೇ?”

“ಕಾಣತೈತಿ, ಕೆಲಸ ಮಾಡಂಗಿಲ್ಲ! ಕಿಟಕಿ ಎಲ್ಲಾ ಮೇಷ್ಟ್ರ ಬರಹದ ಮ್ಯಾಲ ನಿಂತಾವೋ. ಆ ಕಟ್ಟು ಬಿಚ್ಚು, ಒಂದಕ್ಷರ ಬಿಡದಂಗ ಹೊಸದರಾಗ ಬರಿ!”

“ಆತಬೇ.”

ಅಂಟಿಸಿದ ಕಾಗದ ಕಿತ್ತು, ಒಂದು ತಿಂಗಳು ಬರೆದ. ಪುಟದ ಸಂಖ್ಯೆ ಬರೆದ. ಅಂಚಿನಲ್ಲಿ ಮೇಷ್ಟ್ರು ‘ಚಹಾ ಕುಡಿದು ಮುಂದುವರಿಸುವುದು’ ಅಂತ ಗೀಚಿಕೊಂಡಿದ್ದನ್ನೂ ಬರೆದ. ಬರೆದು, ಚಹಾ ಕುಡಿದು, ಮುಂದುವರಿಸಿದ! ಕೊನೆಗೆ ಗುಂಡಿ ಒತ್ತಿದರೆ ಯಂತ್ರ ಒಪ್ಪುತ್ತಿಲ್ಲ, ಪರದೆ ತುಂಬ ಕೆಂಪು ಸಾಲು.

“ಯವ್ವಾ, ಇದು ಬೈಯಾಕತ್ತೈತಿ.”

ನೀಲವ್ವನಿಗೆ ಸಾಕುಸಾಕಾಗಿತ್ತು. “ಬೈಯಲಿ! ನಿನ್ನ ಬೈಯಾಕ ಇನ್ನೊಬ್ಬರು ಸಿಕ್ರಲ್ಲ, ಪುಣ್ಯಾ ಬಂತು. ಅದು ಏನಂತೈತೋ ಅದನ್ನ ಮಾಡು, ನನ್ನ ಕೇಳಬ್ಯಾಡ!”

ಬನಪ್ಪ ಕೂತ. ಯಂತ್ರ ಅನ್ನುತ್ತಿತ್ತು: ಇಂಥ ಸಾಲು, ಇಂಥ ಪದ, ಇದು ನನಗೆ ಗೊತ್ತಿಲ್ಲ, ಅರ್ಥ ಹೇಳು. ಬನಪ್ಪ ಯಂತ್ರದ ಜೊತೆ ಬಂದಿದ್ದ ಹೊಸ ವ್ಯವಸ್ಥೆಯ ಪುಸ್ತಕವನ್ನು ರಟ್ಟಿನಿಂದ ರಟ್ಟಿನವರೆಗೆ ಓದಿ ಹುಡುಕಿ ಅರ್ಥ ಹೇಳುತ್ತಿದ್ದ. ಆ ಬೈಗುಳ ಹೋಯಿತು, ಇನ್ನೊಂದು ಬಂತು. ಅದನ್ನೂ ಸರಿಮಾಡಿದ. ಚಹಾದ ಸಾಲು ತೆಗೆಯೆಂದರೆ ತೆಗೆದ. ಬೇಸರ ಇಲ್ಲ, ಸಿಟ್ಟು ಇಲ್ಲ. ದಿನಕ್ಕೆ ನೂರು ಬೈಗುಳ, ನೂರು ‘ಆತಬೇ’!

ಬನಪ್ಪ ಬೈಗುಳಗಳನ್ನು ಗಟ್ಟಿಯಾಗಿ ಓದುವುದನ್ನು ನೀಲವ್ವ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಕೇಳುತ್ತ ಕೇಳುತ್ತ ಅವಳಿಗೆ ಒಂದು ವಿಚಾರ ಬಂತು. ಈ ಯಂತ್ರ ಮನಸ್ಸಿನಲ್ಲಿ ಒಂದನ್ನೂ ಇಟ್ಟುಕೊಳ್ಳದೆ ಪೂರ್ತಿ ಹೇಳುತ್ತದೆ. ತಾನು ಮಾತ್ರ ಅರ್ಧ ಬಾಯಲ್ಲಿ ಹೇಳಿ, ಅರ್ಧ ಹೊಟ್ಟೆಯಲ್ಲಿ ಇಟ್ಟುಕೊಂಡು, ಮೂವತ್ತು ವರ್ಷ ಮಗನನ್ನು ಎಬಡ ಅಂದಳು. ಆವತ್ತು ಮೊದಲ ಸಲ ನಿಧಾನವಾಗಿ, ಪೂರ್ತಿ ಹೇಳಿದಳು.

“ಬನಪ್ಪ, ಹಳೇದು ಹೆಂಗಿತ್ತೋ ಹಂಗ ಇರಬೇಕಪಾ. ಕೂದಲೆಳಿಯಷ್ಟೂ ಹೆಚ್ಚುಕಮ್ಮಿ ಆಗಬಾರದು. ನನ್ನ ಕೈಗೆ ತಿಳೀಬಾರದು.”

“ಆತಬೇ.”

ಯುಗಾದಿಯ ಮುನ್ನಾದಿನ ಎಂಜಿನಿಯರ್ ಬಂದ. ಬನಪ್ಪ ಬರೆದದ್ದನ್ನು ಮೇಲಿಂದ ಕೆಳಗೆ ನೋಡಿ ಬಿದ್ದುಬಿದ್ದು ನಕ್ಕ.

“ಏನ್ರೀ ಇದು! ಕೆಂಪು ಒತ್ತಿದ್ರೆ ಹಸಿರು ಬರೋ ತಪ್ಪನ್ನೂ ತಂದಿದಾನೆ! ಸೆಟೆದು ನಿಲ್ಲೋದನ್ನೂ ಬರೆದಿದಾನೆ! ಯಾರಾದ್ರೂ ತಪ್ಪನ್ನ ಹೊತ್ಕೊಂಡು ಬರ್ತಾರೇನ್ರೀ?”

ನೀಲವ್ವನ ಮುಖ ಸಣ್ಣದಾಯಿತು. ಮಗ ಮತ್ತೆ ಎಬಡನೇ ಆದ.

ಎಂಜಿನಿಯರ್ ಮುನ್ನೂರು ನಕ್ಷೆಗಳನ್ನೂ ಹಳೆಯದರಿಂದ ಹೊಸ ಯಂತ್ರಕ್ಕೆ ನಕಲು ಮಾಡಿಕೊಂಡು, ತಾನು ತಂದ ಹೊಸ ಕಿಟಕಿಗಳನ್ನು ತೆರೆದ, ಅದರಲ್ಲಿ ನೀಲವ್ವನ ಗಿಣಿ ಖಣವನ್ನು ಕರೆದ. ಗಿಣಿ ಬಂತು. ಮೈಯೆಲ್ಲಾ ಕೆಂಪು, ಕೊಕ್ಕು ಹಸಿರು!

“ಇದ್ಯಾವ ದೇಶದ ಗಿಣಿರೀ ಸಾಹೇಬ್ರ?” ಅಂದ ಮುರಿಗೆಪ್ಪ.

ಬಾಳೆ ಕರೆದರು, ಕೆಂಪೆಲೆ ಬಂತು. ಕುಂಕುಮದ ಬಟ್ಟಲು ಕರೆದರು, ತುಂಬ ಹಸಿರು ಕುಂಕುಮ! ಉಲ್ಟಾ ಯಂತ್ರದಲ್ಲಿ ಉಲ್ಟಾ ಒತ್ತಿ ಸರಿಮಾಡಿದ ನಕ್ಷೆಗಳು, ಸರಿಯಾದ ಯಂತ್ರದಲ್ಲಿ ಉಲ್ಟಾ ನಿಂತಿದ್ದವು. ಎಂಜಿನಿಯರ್ ಬೆವರು ಒರೆಸಿಕೊಂಡ.

“ಮುನ್ನೂರನ್ನೂ ಮತ್ತೆ ತೆಗೀಬೇಕಾಗತ್ತೆ.”

“ನಮ್ಮ ಬನಪ್ಪಂದೂ ಒಮ್ಮೆ ತೆಗೀರಿ,” ಅಂದಳು ನೀಲವ್ವ.

ತೆಗೆದರು. ಅವೇ ಮೂರು ಕಿಟಕಿ, ಅವೇ ಮೂಲೆ. ಗಿಣಿ ಬಂತು. ಹಸಿರು ಮೈ, ಕೆಂಪು ಕೊಕ್ಕು! ನೀಲವ್ವ ಕೈಯಿಟ್ಟಳು, ಕೈ ತಾನೇ ನಡೆಯಿತು. ಬಾಲಕ್ಕೊಂದು ಗರಿ ಸೇರಿಸಿದಳು, ಕೆಂಪು ಒತ್ತಿ ಹಸಿರು ತುಂಬಿದಳು. ಅರ್ಧ ತಾಸಾಯಿತು. ಪರದೆ ಸೆಟೆದು ನಿಂತಿತು.

“ನೋಡಿದ್ರಾ, ಹೋಯ್ತು!” ಅಂದ ಎಂಜಿನಿಯರ್.

ನೀಲವ್ವನ ಎಡಗೈ ಅವಳನ್ನು ಕೇಳದೆಯೇ ಯಂತ್ರದ ಪಕ್ಕೆಗೆ ಎರಡು ಪೆಟ್ಟು ಹಾಕಿತು. ಟಪ್, ಟಪ್! ಗಿಣಿ ಎದ್ದಿತು.

“ಅದೂ ಹೆಂಗೋ?” ಅಂದ ಮುರಿಗೆಪ್ಪ.

“ಇದಕ್ಕ ಮೈಕ್ ಐತಲ್ರೀ. ಎರಡು ಪೆಟ್ಟು ಕೇಳಿದ್ರ ಏಳು ಅಂತ ಬರದೀನಿ. ಹಳೇದು ಹೆಂಗಿತ್ತೋ ಹಂಗ ಅಂದಿದ್ಲಲ್ಲ ನಮ್ಮವ್ವ.”

ಎಂಜಿನಿಯರ್ ತನ್ನ ಕಿಟಕಿಗಳನ್ನು ಮುಚ್ಚಿ, ಬನಪ್ಪನಿಗೆ ಕೈಮುಗಿದ. ಮುರಿಗೆಪ್ಪ ಕೋಣೆಗೆ ಜಡಿಯಲು ತಂದಿದ್ದ ಬೀಗವನ್ನು ಜೇಬಿಗೆ ಹಾಕಿಕೊಂಡ. ನೀಲವ್ವ ಮೇಷ್ಟ್ರ ಕಾಗದದ ಕಟ್ಟನ್ನು ಕಣ್ಣಿಗೆ ಒತ್ತಿಕೊಂಡಳು, ಆಮೇಲೆ ಮಗನ ತಲೆ ಸವರಿದಳು. ಎಲ್ಲಿ ಯಾರು ಬಂದು ಇದನ್ನು ಸುಧಾರಿಸಿಬಿಡುತ್ತಾರೋ ಅಂತ ಅವಳಿಗೆ ಇನ್ನೂ ಹೆದರಿಕೆ.

“ಸಾಕಪಾ ನನ್ನ ಬಂಗಾರ. ಹಿಂಗ ಇರಲಿ. ಇನ್ನ ನೀ ಏನೂ ಮುಟ್ಟಬ್ಯಾಡ!”

“ಆತಬೇ.”

ಮರುದಿನ ಯುಗಾದಿ. ನೀಲವ್ವ ಹೋಳಿಗೆ ಮಾಡಿ, ತುಪ್ಪ ಸುರಿದು, ತಟ್ಟೆ ಇಟ್ಟಳು. ಬನಪ್ಪ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೂತಿದ್ದಾನೆ. ಹೋಳಿಗೆ ನೋಡುತ್ತಾನೆ, ಅವ್ವನ್ನ ನೋಡುತ್ತಾನೆ.

“ಉಣ್ಣೋ!”

“ಏನೂ ಮುಟ್ಟಬ್ಯಾಡ ಅಂದೀಯಲ್ಲಬೇ. ಮುಂಜಾನೆ ಮುಖಾನೂ ತೊಳದಿಲ್ಲ.”

ಎಬಡ ಅನ್ನಲು ಬಾಯಿ ತೆರೆದಳು. ಅನ್ನಲಿಲ್ಲ. ಮುಟ್ಟು ಅಂತ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅದನ್ನೂ ಅನ್ನಲಿಲ್ಲ. ಹತ್ತಿರ ಸರಿದು, ಸೆರಗು ಒದ್ದೆ ಮಾಡಿ ಮುಖ ಒರೆಸಿ, ಹೋಳಿಗೆ ಮುರಿದು, ಮೂವತ್ತು ದಾಟಿದ ಮಗನ ಬಾಯಿಗೆ ತುತ್ತು ಇಟ್ಟಳು. ಮೂರನೆಯ ಹೋಳಿಗೆಗೆ ಬನಪ್ಪ ಅಗಿಯುವುದನ್ನು ಅರ್ಧಕ್ಕೇ ನಿಲ್ಲಿಸಿ ತಾಯಿಯ ಮುಖ ನೋಡುತ್ತ ಕೂತ. ನೀಲವ್ವ ಅವನ ಬೆನ್ನಿಗೆ ಮೆಲ್ಲಗೆ ಎರಡು ಪೆಟ್ಟು ಹಾಕಿದಳು. ಮತ್ತೆ ಅಗಿಯತೊಡಗಿದ.

ಅವರ ಊಟ ಅಲ್ಲಿ ನಡೆದಿದೆ. ನೀವೂ ಏಳಿ, ಕೈ ತೊಳೆದುಕೊಳ್ಳಿ.