ಕಡವಿನಲ್ಲಿ ಕಾದ ದೊರೆ

"ಅಜ್ಜಾರೇ, ತೀರಿಹೋದ ದೊಡ್ಡವರಿಗಾಗಿ ಕಚೇರಿ ಮುಚ್ಚಿದರೆ ತಪ್ಪೇನು?" ಎಂದು ದುಂಡಪ್ಪ ಕೇಳಿದ.

ದುಂಡಪ್ಪ ತಾಲೂಕು ಕಚೇರಿಯ ಗುಮಾಸ್ತ, ಮಠದ ಅಜ್ಜನವರ ಶಿಷ್ಯ. ದೇಶವನ್ನು ಹಿಂದೆ ಆಳಿದ್ದ ನಾಯಕರೊಬ್ಬರು ತೀರಿಕೊಂಡಿದ್ದರು. ಸರ್ಕಾರ ರಜೆ ಸಾರಿತ್ತು. ಬೆಳಿಗ್ಗೆ ಅವನು ಬೀಗ ಹಾಕಿ ಹೊರಟಾಗ ಬಾಗಿಲಲ್ಲಿ ನಿಂತಿದ್ದ ಕೆಲವರು ಗೊಣಗಿದ್ದರು. ಅದು ಅವನ ಮನಸ್ಸಿಗೆ ಚುಚ್ಚಿತ್ತು.

"ಒಂದು ದಿನ ತಡೆದರೆ ಇವರ ಗಂಟೇನು ಹೋಗುತ್ತದೆ? ಸತ್ತವರಿಗೆ ಮರ್ಯಾದೆ ಬೇಡವೇ?" ಎಂದ.

"ಬೇಕಪ್ಪಾ, ಬೇಕೇ ಬೇಕು. ಕೂತುಕೋ," ಎಂದು ಅಜ್ಜನವರು ಹೇಳತೊಡಗಿದರು.

ಒಂದು ರಾಜ್ಯದಲ್ಲಿ ಒಬ್ಬ ದೊರೆ ಇದ್ದ. ವಯಸ್ಸಾಯಿತೆಂದು ಮಗನಿಗೆ ಪಟ್ಟ ಕಟ್ಟಿ, ಹೊಳೆಯ ಈಚೆ ದಡದ ಹಳ್ಳಿಗೆ ಬಂದು ಕೂತ. ಪಟ್ಟ ಬಿಟ್ಟ ಮೇಲೆ ದೊರೆಯನ್ನು ಯಾರು ಕೇಳುತ್ತಾರೆ? ಆದರೆ ಇವನನ್ನು ಕೇಳುತ್ತಿದ್ದರು. ಜನಕ್ಕೆ ಅವನೆಂದರೆ ಅಷ್ಟು ಜೀವ.

ಆ ದೊರೆ ಒಂದು ದಿನ ಕಣ್ಣು ಮುಚ್ಚಿದ. ಮಗ ಅಪ್ಪಣೆ ಹೊರಡಿಸಿದ: ಅಂತ್ಯಕ್ರಿಯೆ ಮುಗಿಯುವವರೆಗೆ ಅರಮನೆಯ ಯಾವ ಕೆಲಸವೂ ನಡೆಯಕೂಡದು. ಉಗ್ರಾಣ ಮುಚ್ಚಿತು, ಚಾವಡಿ ಮುಚ್ಚಿತು. ಹೊಳೆ ದಾಟುವ ಕಡವೂ ಮುಚ್ಚಿತು, ಏಕೆಂದರೆ ಅಲ್ಲಿದ್ದ ಒಂದೇ ದೋಣಿ ಅರಮನೆಯದು.

ಅದನ್ನು ನಡೆಸುತ್ತಿದ್ದವನು ಒಬ್ಬ ಅಂಬಿಗ. ದೊರೆಯನ್ನು ಎಷ್ಟೋ ಸಲ ದಾಟಿಸಿದವನು. ಸುದ್ದಿ ಕೇಳಿ ಎದೆ ಬಡಿದುಕೊಂಡು ಅತ್ತ. ಅಳುತ್ತಲೇ ದೋಣಿಯನ್ನು ಗೂಟಕ್ಕೆ ಕಟ್ಟಿದ. ಎರಡು ಗಂಟು ಹೆಚ್ಚೇ ಹಾಕಿದ. ಸಡಿಲ ಬಿಟ್ಟರೆ ದೊರೆಗೆ ಅವಮಾನ ಎನಿಸಿತು ಅವನಿಗೆ.

ಅಷ್ಟರಲ್ಲಿ ಒಬ್ಬ ಕುಂಬಾರ ಗಾಡಿ ಹೊಡೆದುಕೊಂಡು ಬಂದ. ಗಾಡಿಯಲ್ಲಿ ಹೆಂಡತಿ. ನೋವು ಶುರುವಾಗಿ ಬಹಳ ಹೊತ್ತಾಗಿತ್ತು, ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಇದ್ದದ್ದು ಆಚೆ ದಡದಲ್ಲಿ.

"ದಾಟಿಸಪ್ಪಾ, ನಿನ್ನ ಕಾಲಿಗೆ ಬೀಳುತ್ತೇನೆ," ಎಂದ ಕುಂಬಾರ.

"ಅಯ್ಯೋ, ಅರಮನೆಯ ಅಪ್ಪಣೆಯಾಗಿದೆಯಲ್ಲಪ್ಪಾ. ಇವತ್ತು ಆಗುವುದಿಲ್ಲ," ಎಂದ ಅಂಬಿಗ.

ಮುಖ ತಿರುಗಿಸಿ ಕೂತ. ಗಾಡಿಯೊಳಗಿನ ನರಳಾಟ ಕೇಳುತ್ತಿತ್ತು. ಆದರೂ ಅವನು ಹಗ್ಗಕ್ಕೆ ಕೈ ಹಾಕಲಿಲ್ಲ.

ಹೊತ್ತು ಏರಿತು. ಕಹಳೆ ಕೇಳಿತು. ದೊರೆಯ ಚಟ್ಟ ಕಡವಿಗೆ ಬಂತು. ಅರಸು ಮನೆತನದ ಸುಡುಗಾಡು ಇದ್ದದ್ದೂ ಆಚೆ ದಡದಲ್ಲೇ! ಅಪ್ಪಣೆ ಬರೆದವರಿಗೆ ಅದು ನೆನಪೇ ಆಗಿರಲಿಲ್ಲ ನೋಡು.

"ದೋಣಿ ಬಿಚ್ಚೋ," ಎಂದು ದಳವಾಯಿ ಗದರಿದ.

ಅಂಬಿಗ ಬಾಗಿದ. ಗಂಟು ಬಿಗಿದಿತ್ತು. ಬಿಚ್ಚುತ್ತಿದ್ದಂತೆ ದೊರೆಯ ದನಿ ನೆನಪಾಯಿತು. ಕಡವಿಗೆ ಬಂದಾಗಲೆಲ್ಲ ದೊರೆ ಒಂದು ಮಾತು ಕೇಳುತ್ತಿದ್ದ. ಅದಕ್ಕೆ ಉತ್ತರ ಸಿಗದೆ ಒಮ್ಮೆಯೂ ದೋಣಿ ಹತ್ತಿದವನಲ್ಲ. ಇವತ್ತು ಹತ್ತಿಸುವುದು ಹೇಗೆ?

ಬೆಂಕಿಯ ಮಡಿಕೆ ಹಿಡಿದು ಹೊಸ ದೊರೆ ಮುಂದೆ ನಿಂತಿದ್ದ. ಅಂಬಿಗ ಅವನ ಎದುರು ಕೈಮುಗಿದ.

"ಬುದ್ಧಿ, ದೊಡ್ಡ ದೊರೆಗಳು ಇಲ್ಲಿಗೆ ಬಂದರೆ, 'ಮುಂಚೆ ಬಂದವರು ಯಾರು?' ಅಂತ ಕೇಳುತ್ತಿದ್ದರು. ಈಗ ಅವರು ಕೇಳಲಾರರು, ನಾನೇ ಹೇಳಬೇಕು. ಮುಂಚೆ ಬಂದವಳು ಆ ಗಾಡಿಯಲ್ಲಿ ನರಳುತ್ತಿದ್ದಾಳೆ. ನಾನು ಪಾಪಿ, ತಡೆದೆ."

ದಳವಾಯಿ ಕತ್ತಿಗೆ ಕೈ ಹಾಕಿದ. ಹೊಸ ದೊರೆ ಗಾಡಿಯತ್ತ ನೋಡಿದ. ಆಮೇಲೆ ಚಟ್ಟ ಹೊತ್ತವರ ಕಡೆ ತಿರುಗಿ, "ಇಳಿಸಿ. ಅಪ್ಪ ಕಾಯುತ್ತಾರೆ," ಎಂದ.

ಚಟ್ಟವನ್ನು ಮರಳಿನ ಮೇಲೆ ಇಳಿಸಿದರು. ಕಹಳೆ ನಿಂತಿತು. ದೋಣಿ ಕುಂಬಾರನ ಹೆಂಡತಿಯನ್ನು ಕರೆದುಕೊಂಡು ಹೊರಟಿತು. ದಡದ ತುಂಬ ಜನ. ಬಿಸಿಲಲ್ಲಿ ದೊರೆ ತನ್ನ ಸರದಿಗಾಗಿ ಕಾಯುತ್ತ ಮಲಗಿದ್ದ. ಹುಟ್ಟು ಹಾಕುತ್ತಾ ಅಂಬಿಗ ಹಿಂತಿರುಗಿ ನೋಡಿದ. ಸಿಂಹಾಸನದ ಮೇಲೆ ಕೂತಿದ್ದಾಗಲೂ ದೊರೆ ಅಷ್ಟು ದೊಡ್ಡವನಾಗಿ ಕಂಡಿರಲಿಲ್ಲ. ದಡದಲ್ಲಿದ್ದವರೆಲ್ಲ ಕೈಮುಗಿದು ನಿಂತಿದ್ದರು.

ದೋಣಿ ತಿರುಗಿ ಬಂದ ಮೇಲೆ ದೊರೆ ಹೊಳೆ ದಾಟಿದ. ಚಿತೆ ಹೊತ್ತುವ ಮುಂಚೆ ಸೂಲಗಿತ್ತಿಯ ಮನೆಯಿಂದ ಸುದ್ದಿ ಬಂತು, ತಾಯಿ ಮಗು ಇಬ್ಬರೂ ಕ್ಷೇಮ ಎಂದು. ಹೊಸ ದೊರೆ ಅದನ್ನು ತಂದೆಯ ಕಿವಿಯಲ್ಲಿ ಹೇಳಿ, ಆಮೇಲೆ ಬೆಂಕಿ ಇಟ್ಟ.

ದುಂಡಪ್ಪನ ಕಣ್ಣು ತುಂಬಿ ಬಂದಿತ್ತು. "ಎಂಥ ದೊರೆ ಅಜ್ಜಾರೇ! ಮರ್ಯಾದೆ ಅಂದರೆ ಅದು!" ಎಂದ.

"ಅದಿರಲಿ ದುಂಡಪ್ಪಾ," ಎಂದರು ಅಜ್ಜನವರು, "ಇವತ್ತು ನಿನ್ನ ಕಚೇರಿಗೆ ಮುಂಚೆ ಬಂದವರು ಯಾರು?"

ದುಂಡಪ್ಪ ಎದ್ದ. ಬೀಗದ ಕೈ ಹಿಡಿದು ಕಚೇರಿಯ ಕಡೆ ನಡೆದ.